ತಾರಸಿ ಹೈಡ್ರೋಪೋನಿಕ್ಸ್: ಪೈಪಿಗೂ ಬಕೆಟ್‌ಗೂ ಒಂದೇ ಕೋಕೋಪೀಟ್ ಆಗುತ್ತಾ?

ಬೆಂಗಳೂರಿನ ತಾರಸಿಯಲ್ಲಿ ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲಿ ಬೆಳೆಯುವುದು: ಪಿವಿಸಿ ಪೈಪಿನೊಳಗೆ ಪಾಲಕ್ ಮತ್ತು ಲೆಟ್ಯೂಸ್, ಪಕ್ಕದಲ್ಲಿ ಬಕೆಟ್‌ನಲ್ಲಿ ಟೊಮೇಟೊ. ಎರಡಕ್ಕೂ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಸಾಕಾ, ಕ್ಲೇ ಬಾಲ್‌ಗೆ (ಸುಟ್ಟ ಜೇಡಿಮಣ್ಣಿನ ಹಗುರ ಗುಂಡು) ಅಷ್ಟು ದುಡ್ಡು ಕೊಡಬೇಕಾ, ಮನೆ ಕಟ್ಟಿ ಉಳಿದ ಜಲ್ಲಿ ಆಗಲ್ವಾ ಅಂತ ಕೇಳಿದ್ದೀರಿ. ನಾನಾದರೆ ಬಕೆಟ್‌ಗೆ ಕೋಕೋಪೀಟ್, ಪೈಪಿಗೆ ಕ್ಲೇ ಬಾಲ್ ಹಾಕುತ್ತೇನೆ.

ಪೈಪಿನಲ್ಲಿ ಸದಾ ತೆಳುವಾಗಿ ನೀರು ಹರಿಯುತ್ತಿರುತ್ತದೆ. ಅಲ್ಲಿ ಗಿಡ ಬೀಳದ ಹಾಗೆ ಹಿಡಿದುಕೊಳ್ಳಲು ಏನಾದರೂ ಇದ್ದರೆ ಆಯಿತು. ಕೋಕೋಪೀಟ್ ಹಾಕಿದರೆ ಪುಡಿ ತೊಳೆದುಹೋಗಿ ಟ್ಯಾಂಕ್ ಸೇರುತ್ತದೆ, ಪಂಪ್ ಕಟ್ಟಿಕೊಳ್ಳುತ್ತದೆ. ಸ್ಪಾಂಜ್ ತುಂಡಿನಲ್ಲಿ ಸಸಿ ಎಬ್ಬಿಸಿ, ನೆಟ್ ಪಾಟ್‌ನಲ್ಲಿ (ಜಾಲರಿಯಂಥ ಪುಟ್ಟ ಕುಂಡ) ಸುತ್ತ ಕ್ಲೇ ಬಾಲ್ ತುಂಬಿ. ಮೊದಲು ಕೆಂಪು ಧೂಳು ಹೋಗುವ ತನಕ ತೊಳೆಯಿರಿ. ಬೆಳೆ ಮುಗಿದ ಮೇಲೆ ಬೇರು ತೆಗೆದು ತೊಳೆದು ಮತ್ತೆ ಬಳಸಬಹುದು. ದುಡ್ಡು ಜಾಸ್ತಿ ಅನ್ನಿಸಿದರೆ, ಸೊಪ್ಪಿಗೆ ಬರೀ ಸ್ಪಾಂಜ್ ಸಾಕು.

ಬಕೆಟ್ ಕಥೆ ಬೇರೆ. ಡ್ರಿಪ್ ಬಿಟ್ಟು ಬಿಟ್ಟು ಬರುತ್ತದೆ, ನಡುವೆ ಕರೆಂಟ್ ಹೋಗುತ್ತದೆ, ಏಪ್ರಿಲ್ ಬಿಸಿಲು ಬೇರೆ. ಆಗ ನೀರು ಹಿಡಿದಿಡುವ ಮಾಧ್ಯಮವೇ ಬೇಕು. ಮೂರು ಪಾಲು ಕೋಕೋಪೀಟ್‌ಗೆ ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸೇರಿಸಿದರೆ ಬೇರಿಗೆ ಗಾಳಿಯೂ ಸಿಗುತ್ತದೆ. ಪರ್ಲೈಟ್ ಮೇಲೆ ಮೊದಲು ನೀರು ಚಿಮುಕಿಸಿ, ಅದರ ಧೂಳು ಮೂಗಿಗೆ ಒಳ್ಳೆಯದಲ್ಲ.

ಕೋಕೋಪೀಟ್‌ನಲ್ಲಿ ಎಲ್ಲರೂ ಎಡವುವುದು ಉಪ್ಪಿನಲ್ಲಿ. ತೆಂಗಿನ ಸಿಪ್ಪೆಯಲ್ಲೇ ಸೋಡಿಯಂ, ಪೊಟ್ಯಾಸಿಯಂ ಇರುತ್ತದೆ. ಕರಾವಳಿಯಲ್ಲಿ ಉಪ್ಪು ನೀರಿನಲ್ಲಿ ನೆನೆಸಿದ ಸಿಪ್ಪೆಯಾದರೆ ಇನ್ನೂ ಜಾಸ್ತಿ. 5 ಕೆಜಿ ಬ್ಲಾಕ್ ನೆನೆದರೆ ಸುಮಾರು 60-70 ಲೀಟರ್ ಆಗುತ್ತದೆ. ನೆನೆದ ಪೀಟ್ ಒಂದು ಹಿಡಿ ತೆಗೆದು ಹಿಂಡಿ, ಬಂದ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಉಪಕರಣ) ಅದ್ದಿ ನೋಡಿ. ನಿಮ್ಮ ನಲ್ಲಿ ನೀರಿನ ಅಂಕಿ ಹತ್ತಿರ ಬರುವ ತನಕ ತೊಳೆಯುತ್ತಾ ಹೋಗಿ.

ಇಷ್ಟಕ್ಕೇ ನಿಲ್ಲಿಸಬೇಡಿ. ತೊಳೆದರೆ ಹೋಗುವುದು ಬಿಡಿ ಉಪ್ಪು ಮಾತ್ರ. ಪೀಟ್‌ಗೆ ಅಂಟಿದ ಸೋಡಿಯಂ, ಪೊಟ್ಯಾಸಿಯಂ ಹಾಗೇ ಉಳಿಯುತ್ತದೆ. ನೀವು ಗೊಬ್ಬರದ ನೀರು ಕೊಟ್ಟಾಗ ಪೀಟ್ ಅದರಲ್ಲಿರುವ ಕ್ಯಾಲ್ಸಿಯಂ ಎಳೆದುಕೊಂಡು ಇವನ್ನು ಬಿಡುತ್ತದೆ. ಗಿಡಕ್ಕೆ ಕ್ಯಾಲ್ಸಿಯಂ ಸಾಲದೆ ಟೊಮೇಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಜನ ಅದನ್ನು ರೋಗ ಅಂದುಕೊಂಡು ಸುಮ್ನೆ ಔಷಧಿ ಹೊಡೆಯುತ್ತಾರೆ! ಅದಕ್ಕೇ ನಾಟಿಗೆ ಮೊದಲು, ಲೀಟರಿಗೆ 2-3 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬಸಿದು, ಒಮ್ಮೆ ತೊಳೆಯಿರಿ. ಅಂಗಡಿಯಲ್ಲಿ "ಲೋ ಇಸಿ" ಅಂದರೆ ತೊಳೆದ ಮಾಲು ಅಂತ ಅರ್ಥ. ಕ್ಯಾಲ್ಸಿಯಂನಲ್ಲಿ ನೆನೆಸಿದ್ದಾರಾ ಅಂತ ಬೇರೆಯಾಗಿ ಕೇಳಿ.

ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರು) ನಿಮಗೆ ಬೇಡ. ಬೆಲೆ ಜಾಸ್ತಿ, ಬಳಸಿದ ಮೇಲೆ ಕೊಳೆಯುವುದೂ ಇಲ್ಲ.

ಇನ್ನು ಜಲ್ಲಿ. ಗ್ರಾನೈಟ್ ಆದರೆ ತೊಳೆದು ಬಳಸಬಹುದು. ಎರಡು ಕಲ್ಲಿಗೆ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಸುಣ್ಣ ಇದೆ, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರುತ್ತಲೇ ಇರುತ್ತದೆ. ಆದರೆ ಜಲ್ಲಿ ನೀರು ಹಿಡಿಯುವುದಿಲ್ಲ. ಭಾರ ಬೇರೆ: 20 ಲೀಟರ್ ಬಕೆಟ್ ತುಂಬಿದರೆ ಸುಮಾರು 30 ಕೆಜಿ. ಅಡಿಯಲ್ಲಿ ನೀರು ಬಸಿಯಲು ಎರಡು ಇಂಚು ಹಾಕಿ, ಸಾಕು.