ಎಣ್ಣೆ ಬಿಟ್ಟ ಮೇಲೆ ಕ್ಯಾಮೆರಾದ ಶಟರ್ ಇನ್ನಷ್ಟು ಅಂಟಿತು, ಈಗೇನು ಮಾಡಲಿ?

ಪ್ರಶ್ನೆ: ನಮ್ಮದು ಬನಹಟ್ಟಿ. ಅಪ್ಪ ಫೋಟೊ ಸ್ಟುಡಿಯೊ ನಡೆಸುತ್ತಿದ್ದರು. ಅವರ ಎರಡು ಲೆನ್ಸಿನ ಯಾಶಿಕಾ 635 ಫಿಲ್ಮ್ ಕ್ಯಾಮೆರಾ ಇಪ್ಪತ್ತು ವರ್ಷಕ್ಕೂ ಜಾಸ್ತಿ ಟ್ರಂಕಿನಲ್ಲೇ ಇತ್ತು. ಈಗ ಹೊರಗೆ ತೆಗೆದಿದ್ದೇನೆ. 1/60 ಸೆಕೆಂಡಿನಿಂದ ಮೇಲಿನ ಶಟರ್ ಸ್ಪೀಡ್‌ಗಳು ಸರಿಯಾಗಿವೆ ಅನ್ನಿಸುತ್ತದೆ. 1/8ಕ್ಕೆ ಇಟ್ಟರೆ ಶಟರ್ ತಡವಾಗಿ ಮುಚ್ಚುತ್ತದೆ. 1 ಸೆಕೆಂಡಿಗೆ ಇಟ್ಟರೆ ತೆರೆದುಕೊಂಡು ಹಾಗೇ ನಿಲ್ಲುತ್ತದೆ, ಬೆರಳಿನಿಂದ ತಟ್ಟಿದರೆ ಮುಚ್ಚುತ್ತದೆ. ಪಕ್ಕದ ಮನೆಯ ಮಗ್ಗದ ಮೆಕ್ಯಾನಿಕ್ ಎರಡು ಹನಿ ಮಷೀನ್ ಎಣ್ಣೆ ಬಿಟ್ಟುಕೊಟ್ಟರು. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮೊದಲಿಗಿಂತ ಕೆಟ್ಟಿತು. ಡಿಸೆಂಬರ್‌ನಲ್ಲಿ ಬಾದಾಮಿಗೆ ಹೋಗಿ ಗುಹೆಗಳ ಒಳಗೆ ಫೋಟೊ ತೆಗೆಯಬೇಕು ಅಂತ ಆಸೆ. ಇನ್ನೂ ಸ್ವಲ್ಪ ಎಣ್ಣೆ ಬಿಡಬಹುದಾ?

ಉತ್ತರ: ಬೇಡ. ದಯವಿಟ್ಟು ಇನ್ನೊಂದು ಹನಿಯೂ ಬೇಡ.

ನಿಮ್ಮ ಪಕ್ಕದ ಮನೆಯವರನ್ನು ನಾನು ದೂರುವುದಿಲ್ಲ. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಜೊತೆ ಬೆಳೆದವರಿಗೆ ಯಂತ್ರ ನಿಂತರೆ ಕೈ ತಾನಾಗಿ ಎಣ್ಣೆ ಡಬ್ಬಿಗೆ ಹೋಗುತ್ತದೆ. ಮಗ್ಗಕ್ಕೆ ಅದು ಸರಿ. ಬಂಡಿಗೂ ಕೀಲೆಣ್ಣೆ ಬೇಕು. ಆದರೆ ಲೆನ್ಸಿನೊಳಗಿನ ಶಟರ್ ಬೇರೆ ಜಾತಿ. ಬೆಳಕಿಗೆ ಬಾಗಿಲಿನ ಹಾಗೆ ತೆರೆದು ಮುಚ್ಚುವ ಅದರ ಬ್ಲೇಡ್‌ಗಳು ಕಾಗದದಷ್ಟು ತೆಳ್ಳಗೆ, ಒಂದರ ಮೇಲೊಂದು ಜಾರುತ್ತವೆ, ಅವು ಪೂರ್ತಿ ಒಣಗಿಯೇ ಇರಬೇಕು. ಎರಡು ಒದ್ದೆ ಗಾಜು ಒಂದಕ್ಕೊಂದು ಅಂಟಿದರೆ ಬಿಡಿಸೋದು ಎಷ್ಟು ಕಷ್ಟ, ಅಲ್ವಾ? ಎಣ್ಣೆ ತಾಗಿದ ಬ್ಲೇಡ್‌ಗಳ ಪಾಡೂ ಅದೇ.

ಮೂಲ ತೊಂದರೆ ಎಣ್ಣೆ ಕಡಿಮೆಯಾಗಿದ್ದಲ್ಲ, ಹಳೆಯ ಗ್ರೀಸ್ ಗಟ್ಟಿಯಾಗಿದ್ದು. ನಿಮ್ಮ ಕ್ಯಾಮೆರಾದಲ್ಲಿರುವ ಕೋಪಾಲ್ ಕಂಪನಿಯ ಶಟರ್‌ನೊಳಗೆ ಗಡಿಯಾರದಲ್ಲಿರುವಂಥ ಒಂದು ಸಣ್ಣ ಗೇರ್ ಸರಣಿ ಇದೆ. 1 ಸೆಕೆಂಡ್, 1/2, 1/4, 1/8 ಇವೆಲ್ಲ ಅದರ ಕೆಲಸ. ಬ್ಲೇಡ್ ತೆರೆದ ಮೇಲೆ ಈ ಗೇರ್‌ಗಳು ಝರ್ ಅಂತ ಓಡಿ ಮುಗಿಯುವ ತನಕ ಮುಚ್ಚಲು ಬಿಡುವುದಿಲ್ಲ. ಸ್ಪೀಡ್ ಹೆಚ್ಚಿದಷ್ಟೂ ಇದರ ಪಾತ್ರ ಕಡಿಮೆ, ಅದಕ್ಕೇ ನಿಮಗೆ 1/60 ಸರಿ ಕಾಣುತ್ತಿದೆ. ಅಲ್ಲಿನ ಗ್ರೀಸ್ ವರ್ಷಗಟ್ಟಲೆ ಸುಮ್ನೆ ಕೂತು ಕೊಪ್ಪರಿಗೆಯ ಅಂಚಿಗೆ ಹತ್ತಿದ ಬೆಲ್ಲದ ಪಾಕದ ಹಾಗೆ ಆಗಿದೆ. ಹೊಸ ಎಣ್ಣೆ ಬಿದ್ದಾಗ ಆ ಪಾಕ ತುಸು ಕರಗಿತು, ಎರಡು ದಿನ ಗೇರ್ ಓಡಿತು, ಆಮೇಲೆ ಹಳೆ ಗ್ರೀಸ್, ಎಣ್ಣೆ, ಧೂಳು ಮೂರೂ ಕಲಸಿಕೊಂಡು ಮತ್ತೆ ಕೂತವು. ಇದು ವಯಸ್ಸಿನ ದೋಷ. ಆ ಕಾಲದ ಶಟರ್ ಯಾವ ಕಂಪನಿಯದೇ ಇರಲಿ, ಇಷ್ಟು ವರ್ಷ ಮುಟ್ಟದೆ ಇಟ್ಟರೆ ಹೀಗಾಗುವುದು ಸಾಮಾನ್ಯ.

ಈಗ ಎಣ್ಣೆ ಎಲ್ಲಿಯವರೆಗೆ ಹೋಗಿದೆ ಅಂತ ನೋಡಬೇಕು. ಫಿಲ್ಮ್ ಹಾಕಬೇಡಿ. 635ರಲ್ಲಿ ಶಟರ್ ಸಜ್ಜು ಮಾಡುವ ಲಿವರ್ ಬೇರೆಯೇ ಇದೆ, ಹಾಗಾಗಿ ಹಿಂದಿನ ಬಾಗಿಲು ತೆಗೆದಿಟ್ಟುಕೊಂಡೇ ಪರೀಕ್ಷೆ ಮಾಡಬಹುದು. ಸ್ಪೀಡನ್ನು ಬಿ ಗೆ, ಅಂದರೆ ಬಟನ್ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ಗುರುತಿಗೆ ಇಡಿ, ಬಟನ್ ಒತ್ತಿ ಹಿಡಿದು ಬಿಡಿ. ಟಪ್ ಅಂತ ಥಟ್ಟನೆ ಮುಚ್ಚಿದರೆ ಬ್ಲೇಡ್‌ಗಳು ಕ್ಷೇಮ, ತೊಂದರೆ ಗೇರ್ ಸರಣಿಯಲ್ಲಿ ಮಾತ್ರ. ಸೋಮಾರಿ ಹಾಗೆ ಮುಚ್ಚಿದರೆ ಎಣ್ಣೆ ಬ್ಲೇಡ್‌ಗೂ ಇಳಿದಿದೆ. ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಮಳೆ ಬಿದ್ದ ರಸ್ತೆಯ ಮೇಲೆ ಡೀಸೆಲ್ ಚೆಲ್ಲಿದಾಗ ಕಾಣುವ ಬಣ್ಣ ಬ್ಲೇಡ್ ಮೇಲೆ ಕಂಡರೆ ಅನುಮಾನವೇ ಬೇಡ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಕ್ಯಾಮೆರಾವನ್ನು ಹಗಲು ಬೆಳಕಿನ ಕಿಟಕಿಗೆ ಮುಖ ಮಾಡಿ, ಹಿಂದಿನಿಂದ ಫೋನಿನ ಸ್ಲೋಮೋಷನ್ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 240 ಫ್ರೇಮ್ ಇರುವ ವಿಡಿಯೊದಲ್ಲಿ 1 ಸೆಕೆಂಡಿನ ಶಟರ್ 240 ಫ್ರೇಮ್ ತೆರೆದಿರಬೇಕು, 1/4 ಆದರೆ 60, 1/8 ಆದರೆ 30, 1/30 ಆದರೆ 8. ಎಣಿಸಿ ಬರೆದುಕೊಳ್ಳಿ. 1/125 ಮೇಲೆ ಈ ಲೆಕ್ಕ ನಂಬಬೇಡಿ, ಎರಡೇ ಫ್ರೇಮಿನಲ್ಲಿ ಏನು ಗೊತ್ತಾಗುತ್ತದೆ? ಇದನ್ನು ಬೆಳಗಿನ ಚಳಿಯಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಡಿ. ಬೆಳಿಗ್ಗೆ ನಿಲ್ಲುವುದು ಮಧ್ಯಾಹ್ನ ಓಡಿದರೆ ಗ್ರೀಸೇ ಕಾರಣ, ಮುರಿದ ಗೇರ್ ಅಲ್ಲ. ಹಾಗಂತ ಬಿಸಿಲಿಗೆ ಇಟ್ಟು ಓಡಿಸಬೇಡಿ! ಕಾಯ್ದ ಎಣ್ಣೆ ತೆಳ್ಳಗಾಗಿ ಬ್ಲೇಡ್‌ಗೆ ಹರಿಯುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಕ್ಯಾಮೆರಾ ಬಿಡಬಾರದು ಅನ್ನೋದೂ ಇದಕ್ಕೇ.

ಎಂ, ಎಕ್ಸ್, ವಿ ಅಂತ ಬರೆದ ಸಣ್ಣ ಲಿವರ್ ಇದೆಯಲ್ಲ, ಅದನ್ನು ಎಕ್ಸ್‌ನಲ್ಲೇ ಬಿಡಿ. ಎಂ, ಎಕ್ಸ್ ಎರಡೂ ಫ್ಲ್ಯಾಶ್‌ಗೆ, ವಿ ಅಂದರೆ ಸೆಲ್ಫ್ ಟೈಮರ್, ಅದಕ್ಕೂ ಅಂಥದೇ ಗೇರ್. ಸ್ಲೋ ಸ್ಪೀಡ್ ನಿಂತಿರುವ ಶಟರ್‌ನಲ್ಲಿ ಅದನ್ನು ಎಳೆದರೆ ಅರ್ಧದಲ್ಲಿ ಸಿಕ್ಕಿಕೊಂಡು ಇಡೀ ಶಟರ್ ಲಾಕ್ ಆಗಬಹುದು.

ಇನ್ನು ರಿಪೇರಿ. ಒಂದೇ ದಾರಿ, ತೊಳೆಯುವುದು. ಲೈಟರ್‌ಗೆ ಹಾಕುವ ಪೆಟ್ರೋಲ್, ಅಂದರೆ ನ್ಯಾಫ್ತಾ, ಇದಕ್ಕೆ ಸರಿ. ಅದು ಆರಿದಾಗ ಜಿಡ್ಡು ಉಳಿಸುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಫೋಟೊ ತೆಗೆಯುವ ಕೆಳಗಿನ ಲೆನ್ಸಿನ ಮುಂದಿನ ಗುಂಪು ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಜಾರಿದರೆ ಸೈಕಲ್ ಟ್ಯೂಬಿನ ತುಂಡು ಹಿಡಿದು ತಿರುಗಿಸಿ. ಆಗ ಬ್ಲೇಡ್ ಎದುರಿಗೇ ಸಿಗುತ್ತದೆ. ಹತ್ತಿ ಕಡ್ಡಿಯನ್ನು ನ್ಯಾಫ್ತಾದಲ್ಲಿ ಅದ್ದಿ, ಹಿಂಡಿ, ಹಗುರವಾಗಿ ಒರೆಸಿ. ಶಟರ್ ಹೊಡೆಯಿರಿ, ಮತ್ತೆ ಒರೆಸಿ. ಕಡ್ಡಿ ಬೆಳ್ಳಗೆ ಬರುವ ತನಕ ಬಿಡಬೇಡಿ. ಹಿಂದಿನ ಕಡೆಯೂ ಅಷ್ಟೇ ಮಾಡಬೇಕು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು.

ಆದರೆ ಗೇರ್ ಸರಣಿ ಅಲ್ಲಿಂದ ಸಿಗುವುದಿಲ್ಲ. ಅದಕ್ಕೆ ಮುಂಭಾಗದ ಚರ್ಮದ ಹೊದಿಕೆ ನಿಧಾನವಾಗಿ ಬಿಡಿಸಿ, ಅದರ ಕೆಳಗಿನ ಸ್ಕ್ರೂ ತೆಗೆದು, ಮುಖಫಲಕ ಬಿಚ್ಚಬೇಕು. ಇಲ್ಲೊಂದು ಮಾತು. ಜಪಾನಿನ ಕ್ಯಾಮೆರಾಗಳ ಸ್ಕ್ರೂ ತಲೆ ನಮ್ಮ ಅಂಗಡಿಯ ನಕ್ಷತ್ರದ ಸ್ಕ್ರೂಡ್ರೈವರ್‌ಗೆ ಹೊಂದಿದ ಹಾಗೆ ಕಂಡರೂ ಹೊಂದುವುದಿಲ್ಲ, ಜಾರಿ ತಲೆ ಸವೆದುಬಿಡುತ್ತದೆ. ಜೆಐಎಸ್ ಅನ್ನೋ ಅಳತೆಯದ್ದು ತರಿಸಿಕೊಳ್ಳಿ. ಕೈಗಡಿಯಾರ ಬಿಚ್ಚಿ ಜೋಡಿಸಿದ ಅನುಭವ ಇಲ್ಲದಿದ್ದರೆ ಇದನ್ನು ಮಾತ್ರ ರಿಪೇರಿ ಬಲ್ಲವರಿಗೆ ಬಿಡಿ. ಕೊಡುವಾಗ ಎಣ್ಣೆ ಬಿಟ್ಟ ವಿಷಯ ಮುಚ್ಚಿಡಬೇಡಿ, ನೀವು ಎಣಿಸಿದ ಫ್ರೇಮ್ ಲೆಕ್ಕವನ್ನೂ ಕೊಡಿ. ಗೇರ್ ಸರಣಿಯನ್ನು ಪೂರ್ತಿ ಹೊರಗೆ ತೆಗೆದು ತೊಳೆಯುತ್ತಾರಾ ಅಂತ ಕೇಳಿ. ಮೇಲಿಂದ ನಾಲ್ಕು ಹನಿ ನ್ಯಾಫ್ತಾ ಬಿಟ್ಟು ಓಡಿಸಿ ತೋರಿಸಿದರೆ ಒಪ್ಪಬೇಡಿ. ಕರಗಿದ ಗ್ರೀಸ್ ಹೊರಗೆ ಬರದೆ ಅಲ್ಲೇ ಆರುತ್ತದೆ, ವಾರದೊಳಗೆ ಮತ್ತೆ ಅದೇ ಕಥೆ. ತೊಳೆದ ಮೇಲೆ ಗೇರಿನ ಅಚ್ಚಿಗೆ ಸೂಜಿ ಮೊನೆಯಷ್ಟು ವಾಚ್ ಎಣ್ಣೆ ಸಾಕು.

ಡಿಸೆಂಬರ್ ಒಳಗೆ ರಿಪೇರಿ ಆಗದಿದ್ದರೂ ಬಾದಾಮಿ ತಪ್ಪಿಸಬೇಡಿ. ಬಿ ಯಲ್ಲಿ ಗೇರ್ ಸರಣಿಯ ಕೆಲಸವೇ ಇಲ್ಲ. ಬ್ಲೇಡ್ ಶುದ್ಧವಾಗಿದ್ದರೆ ಕೇಬಲ್ ರಿಲೀಸ್, ಅಂದರೆ ಕ್ಯಾಮೆರಾ ಅಲ್ಲಾಡದಂತೆ ಬಟನ್ ಒತ್ತುವ ತಂತಿ, ಹಾಕಿ ಒತ್ತಿ, ಫೋನಿನ ಸ್ಟಾಪ್‌ವಾಚ್ ನೋಡಿ ಎರಡು, ನಾಲ್ಕು ಸೆಕೆಂಡ್ ಎಣಿಸಿ ಬಿಡಿ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಚಿಕ್ಕದು ಮಾಡಿ ಸಮಯ ಉದ್ದ ಮಾಡಿಕೊಂಡರೆ ಅರ್ಧ ಸೆಕೆಂಡ್ ಹೆಚ್ಚುಕಮ್ಮಿ ಆದರೂ ಕಪ್ಪು-ಬಿಳುಪು ನೆಗೆಟಿವ್ ತಡೆದುಕೊಳ್ಳುತ್ತದೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದಿದ್ದರೆ ಬಟ್ಟೆ ಚೀಲಕ್ಕೆ ಎರಡು ಕೆಜಿ ಜೋಳ ತುಂಬಿ ಒಯ್ಯಿರಿ. ಚೀಲವನ್ನು ನೆಲದ ಮೇಲಿಟ್ಟು ಅದರಲ್ಲಿ ಕ್ಯಾಮೆರಾ ಕೂರಿಸಿದರೆ ಅಲ್ಲಾಡುವುದಿಲ್ಲ, ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾಕ್ಕೆ ಇದು ಹೇಳಿಮಾಡಿಸಿದ್ದು. ಶಿಲ್ಪಕ್ಕೆ ಮಾತ್ರ ಆನಿಸಬೇಡಿ. ಚಾಲುಕ್ಯ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಗೆ ಒಂದು ರೋಲ್ ಪೂರ್ತಿ ಮೀಸಲಿಡಿ, ಹನ್ನೆರಡೇ ಫ್ರೇಮ್ ಅಲ್ವಾ.

ಪ್ರಶ್ನೆ: ಬೆಳಗಾವಿಯಲ್ಲಿದ್ದೇನೆ. ಈ ಮಳೆಗಾಲ ಮುಗಿದ ಮೇಲೆ ನನ್ನ ಟ್ವಿನ್ ಲೆನ್ಸ್ ಕ್ಯಾಮೆರಾದ ಫೋಕಸ್ ಗುಬ್ಬಿ ತುಂಬಾ ಬಿಗಿಯಾಗಿದೆ. ಇಕ್ಕಳ ಹಾಕಿ ತಿರುಗಿಸಲಾ?

ಉತ್ತರ: ಇಕ್ಕಳ ಒಳಗಿಡಿ. ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಬಿಗಿಯಿದ್ದರೆ ಇದೂ ಗಟ್ಟಿಯಾದ ಗ್ರೀಸ್, ತೊಳೆದು ಹೊಸದು ಹಾಕಿದರೆ ಸರಿಹೋಗುತ್ತದೆ. ಒಂದೇ ಜಾಗದಲ್ಲಿ ತಡೆದರೆ ಕ್ಯಾಮೆರಾ ಎಲ್ಲೋ ಬಿದ್ದು ಮುಂಭಾಗ ತುಸು ಸೊಟ್ಟಗಾಗಿರಬಹುದು. ಆಗ ಬಲ ಹಾಕಿದರೆ ಲೆನ್ಸ್ ಫಲಕ ಇನ್ನಷ್ಟು ವಾಲಿ, ಫೋಟೊದ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು ಬರುತ್ತದೆ. ಬಲ ಹಾಕದೆ ಬರುವಷ್ಟು ಲೆನ್ಸ್ ಫಲಕವನ್ನು ಹೊರಗೆ ತಂದು, ಅದಕ್ಕೂ ಕ್ಯಾಮೆರಾದ ಮೈಗೂ ನಡುವಿನ ಎಡಬದಿ ಮತ್ತು ಬಲಬದಿಯ ಅಂತರವನ್ನು ಸ್ಕೇಲಿನಿಂದ ಅಳೆಯಿರಿ. ಎರಡೂ ಒಂದೇ ಇಲ್ಲದಿದ್ದರೆ ಗುಬ್ಬಿ ಮುಟ್ಟದೆ ರಿಪೇರಿಗೆ ಕೊಡಿ.