ಮೂತಿ ಹಾರಿತು, ಪ್ಯಾರಾಚೂಟ್ ಬರಲಿಲ್ಲ

ಪ್ರಶ್ನೆ: ನಮ್ಮದು 1.5 ಕೆ.ಜಿ. ತೂಕದ ಹವ್ಯಾಸಿ ರಾಕೆಟ್. ನೆಲದ ಮೇಲೆ ಪರೀಕ್ಷಿಸಿದಾಗ ಮೂತಿ ಹಾರಿತು, ಪ್ಯಾರಾಚೂಟ್ ಮಾತ್ರ ಕೊಳವೆಯಲ್ಲೇ ಉಳಿಯಿತು. ಯಾಕೆ ಸರ್?
– ಒಬ್ಬ ವಿದ್ಯಾರ್ಥಿ, ಮಣಿಪಾಲ

ಉತ್ತರ: ಹಿಂದಿನ ರಾತ್ರಿಯೇ ಮಡಚಿ ತುರುಕಿದ್ದಿರಾ? ಮಲ್ಪೆಯಲ್ಲಿ ನಾನೂ ಒಮ್ಮೆ ಹಾಗೇ ಮಾಡಿದ್ದೆ, ಮಳೆ ಸುರಿಯುವ ಆಟಿ ತಿಂಗಳಲ್ಲಿ. ನಮ್ಮ ಕರಾವಳಿಯ ತೇವಕ್ಕೆ ಕಾಗದದ ಕೊಳವೆ ಉಬ್ಬುತ್ತದೆ, ನೈಲಾನ್ ಬಟ್ಟೆ ಅಂಟಿಕೊಳ್ಳುತ್ತದೆ. ಪರೀಕ್ಷೆಗೆ ಸ್ವಲ್ಪ ಮುಂಚೆ ಮಡಚಿ, ಚೂರು ಟಾಲ್ಕಂ ಪೌಡರ್ ಉದುರಿಸಿ. ಕೊಳವೆ ತಲೆಕೆಳಗು ಮಾಡಿದರೆ ಪ್ಯಾರಾಚೂಟ್ ತಾನಾಗಿ ಜಾರಬೇಕು. ಬಿಗಿಯಾಗಿದೆ ಅಂತ ಮೂತಿ ಹಾರಿಸುವ ಸಿಡಿಮದ್ದು ಮಾತ್ರ ಜಾಸ್ತಿ ಹಾಕಬೇಡಿ, ಮೂತಿಯನ್ನು ಕೊಳವೆಗೆ ಕಟ್ಟಿದ ಹಗ್ಗವೇ ಕಿತ್ತುಹೋಗುತ್ತದೆ. ಮೂತಿಯ ಎದುರು ಯಾರೂ ನಿಲ್ಲಬಾರದು, ಉದ್ದ ವೈರ್ ಎಳೆದು ದೂರದಿಂದಲೇ ಸ್ವಿಚ್ ಒತ್ತಿ.