ನಗರಸಭೆ ಅಧ್ಯಕ್ಷರ ಚುನಾವಣೆಯಲ್ಲಿ ಶಾಸಕರು ಕೈ ಎತ್ತಿ ಮತ ಹಾಕಬಹುದು, ನಾಮನಿರ್ದೇಶಿತ ಸದಸ್ಯರು ಯಾಕೆ ಎತ್ತುವಂತಿಲ್ಲ?

ಶಾಸಕರು, ಸಂಸದರು ಜನರ ಓಟಿನಿಂದ ಬಂದವರು. ನಾಮನಿರ್ದೇಶಿತರು ಸರ್ಕಾರ ನೇಮಿಸಿದವರು. ವ್ಯತ್ಯಾಸ ಇಷ್ಟೇ. ನೇಮಕಗೊಂಡವರು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಆದರೆ ಮತ ಹಾಕುವಂತಿಲ್ಲ. ಸಂವಿಧಾನದ 243ಆರ್ ವಿಧಿಯಲ್ಲೇ ಇದು ಸ್ಪಷ್ಟವಾಗಿದೆ.

ಚಿಕ್ಕಬಳ್ಳಾಪುರ ನಗರಸಭೆಯನ್ನೇ ತೆಗೆದುಕೊಳ್ಳಿ. 31 ವಾರ್ಡ್, 31 ಸದಸ್ಯರು. ಶಾಸಕರು, ಸಂಸದರು ಸೇರಿದರೆ 33 ಮತ. ಗೆಲ್ಲಲು 17 ಬೇಕು. ಒಂದು ಕಡೆ 16, ಇನ್ನೊಂದು ಕಡೆ 15 ಸದಸ್ಯರಿದ್ದಾರೆ ಅಂದುಕೊಳ್ಳಿ. ಆ ಎರಡು ಮತ 15ರ ಕಡೆ ಬಿದ್ದರೆ ಆಟವೇ ತಿರುಗಿತು! ವಾರ್ಡ್ ಸದಸ್ಯರಿಗೆ ಇದೇ ಹೊಟ್ಟೆನೋವು. ಅವರ ಗೊಣಗಾಟದಲ್ಲಿ ಅರ್ಥವೂ ಇದೆ ಬಿಡಿ.

ಈಗ ನಾಮನಿರ್ದೇಶಿತರಿಗೂ ಮತ ಕೊಟ್ಟರೆ? ರಾಜ್ಯದ ಕಾಯ್ದೆಯ ಪ್ರಕಾರ 5 ಜನರವರೆಗೆ ನೇಮಿಸಬಹುದು. ವಿಧಾನಸೌಧದಲ್ಲಿ ಯಾವ ಪಕ್ಷ ಇರುತ್ತೋ ಅದು ತನ್ನ 5 ಜನರನ್ನು ಕಳಿಸಿ, ಊರು ಆರಿಸಿದ ಬಹುಮತವನ್ನು ಸುಮ್ನೆ ಉರುಳಿಸಬಹುದು, ಅಲ್ವಾ? ಅದಕ್ಕೇ ಈ ಬೇಲಿ.

ಹಾಗಾದರೆ ಅವರು ಯಾಕೆ ಬೇಕು? ಆರೋಗ್ಯ, ಶಿಕ್ಷಣ, ನಗರ ಯೋಜನೆ ಬಲ್ಲವರ ಸಲಹೆ ಸಿಗಲಿ ಅಂತ. ಆದರೆ ಆ ಕುರ್ಚಿಗಳು ಜಾಸ್ತಿ ಸಿಗುವುದು ಪಕ್ಷದ ಕಾರ್ಯಕರ್ತರಿಗೇ.